ಕಾಡ್ಗಿಚ್ಚಿನ ಭಯವಿರುವ ಊರುಗಳಲ್ಲಿ ಕಾಡು ಸವರಿದರೆ ಸಾಲದೇ? ಜನರನ್ನು ತೆರವು ಮಾಡಿಸುವುದು ಯಾಕಷ್ಟು ಕಷ್ಟ?

ಸಾಲದು. ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರನ್ನೇ ನೋಡಿ: ಸುಮಾರು 26,000 ಜನ, ಕಣಿವೆಗಳ ನಡುವಿನ ದಿಣ್ಣೆ, ಹೊರಹೋಗಲು ಬೆರಳೆಣಿಕೆಯ ದಾರಿಗಳು. ಒಂದೊಂದೇ ವಲಯ ತೆರವು ಮಾಡಿಸುವ ಯೋಜನೆ ಇತ್ತು, ಅದರ ಅಣಕು ಕಾರ್ಯಾಚರಣೆಯೂ ನಡೆದಿತ್ತು. ಆದರೆ 2018ರ ನವೆಂಬರ್ 8ರಂದು ಗಾಳಿಗೆ ಹಾರಿಬಂದ ಕೆಂಡಗಳು ಊರಿನ ಹಲವು ಕಡೆ ಒಟ್ಟಿಗೇ ಬೆಂಕಿ ಹೊತ್ತಿಸಿದವು. ಸರದಿಯಲ್ಲಿ ಹೊರಡಬೇಕಿದ್ದವರೆಲ್ಲ ಒಮ್ಮೆಲೇ ರಸ್ತೆಗಿಳಿದರು. ಮುಖ್ಯರಸ್ತೆ ಸ್ಕೈವೇಯ ಒಂದು ಭಾಗವನ್ನು ಅದಕ್ಕೂ ಮೊದಲೇ ನಾಲ್ಕು ಲೇನಿನಿಂದ ಎರಡಕ್ಕೆ ಇಳಿಸಿದ್ದರು. ಎಷ್ಟೋ ಜನರಿಗೆ ಎಚ್ಚರಿಕೆಯ ಕರೆ ತಲುಪಲೇ ಇಲ್ಲ. ಸತ್ತವರು 85; ಬಹುಪಾಲು ವಯಸ್ಸಾದವರು.

ಕಾಡಿನ ಲೆಕ್ಕ ಬೇರೆ. ಕಂಡ ಬೆಂಕಿಯನ್ನೆಲ್ಲ ಮರುದಿನ ಬೆಳಿಗ್ಗೆ 10ರೊಳಗೆ ಹತೋಟಿಗೆ ತರಬೇಕೆಂದು 1935ರಲ್ಲಿ ಅಮೆರಿಕದ ಅರಣ್ಯ ಇಲಾಖೆ ನಿಯಮ ಮಾಡಿತು (ಆಗ ಅದು ಜಾಣತನ ಅನ್ನಿಸಿತ್ತು!). ಸಣ್ಣಪುಟ್ಟ ಬೆಂಕಿಯಲ್ಲಿ ಸುಟ್ಟುಹೋಗಬೇಕಿದ್ದ ಪೊದೆ, ಒಣಸೌದೆ ದಶಕಗಟ್ಟಲೆ ರಾಶಿಬಿದ್ದವು. ನಿಯಂತ್ರಿತವಾಗಿ ಸುಡುವುದರಿಂದ ಅದು ತಗ್ಗುತ್ತದೆ, ನಿಜ. ಆದರೆ ಕೆಂಡ ಒಂದು ಮೈಲಿಗೂ ಆಚೆ ಹಾರಬಲ್ಲದು. ಅಟ್ಟದ ಗಾಳಿಕಿಂಡಿಯೊಳಗೆ ನುಸುಳಿದರೆ ಮನೆ ಒಳಗಿನಿಂದಲೇ ಹೊತ್ತಿಕೊಳ್ಳುತ್ತದೆ. ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ, ಗೋಡೆಗಂಟಿದ ಗಿಡಗಳ ತೆರವು ಇಂಥ ಕಡೆ ಹೆಚ್ಚು ಉಪಯೋಗ. ನನ್ನ ಮಟ್ಟಿಗೆ ಅಸಲು ಪ್ರಶ್ನೆ, ಎರಡನೇ ದಾರಿಯಿಲ್ಲದ ಗುಡ್ಡದ ಮೇಲೆ ಹೊಸ ಬಡಾವಣೆಗೆ ಅನುಮತಿ ಕೊಡುವುದು ಯಾಕೆ ಅನ್ನೋದು.