ಮಿರ್ಜಾನನ್ನು ನಾಲ್ಕನೆಯ ಪುಟದವರೆಗೆ ಕಾಯಿಸಬೇಡಿ

ನಮಸ್ಕಾರ.

ಮರ್ಸಿಯಾ, ಅಂದರೆ ಕರ್ಬಲಾದಲ್ಲಿ ಮಡಿದವರ ಶೋಕಗೀತೆ, ಬರೆದ ಬಿಜಾಪುರದ ಕವಿ ಮಿರ್ಜಾನ ಮೇಲೆ ನೀವು ಕಳಿಸಿದ ಏಳು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಅಚ್ಚು ಹಾಕಲಾರೆ, ಕೈಬಿಡಲೂ ಮನಸ್ಸಿಲ್ಲ.

ಮೊದಲ ಮೂರು ಪುಟ ಇರಾಕಿನ ಕರ್ಬಲಾದ ಚರಿತ್ರೆಗೇ ಹೋಗಿದೆ. ಕ್ರಿ.ಶ. 680ರಲ್ಲಿ, ಮೊಹರಂನ ಹತ್ತನೆಯ ದಿನ ಪ್ರವಾದಿಯ ಮೊಮ್ಮಗ ಇಮಾಮ್ ಹುಸೇನರು ಅಲ್ಲಿ ಹತರಾದರು; ಅವರ ಬಿಡಾರಕ್ಕೆ ಫುರಾತ್ (ಯೂಫ್ರೆಟಿಸ್) ನದಿಯ ನೀರು ಸಿಗದಂತೆ ತಡೆಯಲಾಗಿತ್ತು. ಇಷ್ಟು ಸಾಕು. ಅದೇ ಪುಟಗಳಲ್ಲಿ 'ದುಃಖದ ಮಹಾಸಾಗರವೇ ಉಕ್ಕಿ ಹರಿಯಿತು' ಎಂದಿದ್ದೀರಿ. ಬಾಯಾರಿ ಸತ್ತವರ ಕಥೆಯಲ್ಲಿ ಸಾಗರ ಉಕ್ಕಿಸುವುದೇ?

ನಿಮ್ಮ ನಿಜವಾದ ಕಥೆ ಐದನೆಯ ಪುಟದ ಒಂದೇ ವಾಕ್ಯದಲ್ಲಿ ಅವಿತು ಕೂತಿದೆ. ಬಿಜಾಪುರದ ಸುಲ್ತಾನ ಎರಡನೆಯ ಅಲಿ ಆದಿಲ್‌ಶಾಹ (ಆಳ್ವಿಕೆ 1656–1672) ತನ್ನನ್ನು ಹೊಗಳಿ ಬರೆ ಎಂದಾಗ, ಪ್ರವಾದಿಯ ಮನೆತನಕ್ಕೆ ಮುಡಿಪಾದ ನಾಲಿಗೆ ಬೇರೆಯವರನ್ನು ಹೊಗಳದು ಎಂದು ಮಿರ್ಜಾ ನಿರಾಕರಿಸಿದನೆಂಬ ಪ್ರತೀತಿ. ಪ್ರತೀತಿ ಎಂದೇ ಹೇಳಿ, ಆದರೆ ಲೇಖನವನ್ನು ಅಲ್ಲಿಂದಲೇ ಶುರುಮಾಡಿ. ಪಕ್ಕದಲ್ಲಿ ನುಸ್ರತಿಯನ್ನು ನಿಲ್ಲಿಸಿ. ಅದೇ ದರ್ಬಾರಿನಲ್ಲಿ ಅದೇ ಸುಲ್ತಾನನ ಯುದ್ಧಗಳನ್ನು 'ಅಲಿನಾಮಾ'ದಲ್ಲಿ ಹಾಡಿದವನು ಅವನು. ಸುಲ್ತಾನನೂ 'ಶಾಹಿ' ಎಂಬ ಅಂಕಿತದಲ್ಲಿ ಬರೆಯುತ್ತಿದ್ದ ಕವಿಯೇ. ಕವಿಯೊಬ್ಬ ಇನ್ನೊಬ್ಬ ಕವಿಯಿಂದ 'ಇಲ್ಲ' ಎನ್ನಿಸಿಕೊಂಡ ಗಳಿಗೆ ಅದು. ಅದನ್ನು ಹೇಗೆ ದಾಟಿಹೋದಿರಿ?

ಒಂದು ತಪ್ಪನ್ನಂತೂ ತಿದ್ದಲೇಬೇಕು. ಚೆಹರಾ (ಪೀಠಿಕೆ), ಸರಾಪಾ (ವೀರನ ರೂಪವರ್ಣನೆ), ರುಖ್ಸತ್ (ಬೀಳ್ಕೊಡುಗೆ), ಆಮದ್ (ರಣರಂಗಕ್ಕೆ ಬರುವುದು) ಎಂದು ಮಿರ್ಜಾನ ಮರ್ಸಿಯಾವನ್ನು ಭಾಗ ಮಾಡಿದ್ದೀರಿ. ಆ ಕಟ್ಟು ಗಟ್ಟಿಯಾದದ್ದು ಹತ್ತೊಂಬತ್ತನೆಯ ಶತಮಾನದ ಲಖನೌದಲ್ಲಿ, ಕವಿ ಮೀರ್ ಜಮೀರನ ಕಾಲಕ್ಕೆ. ಆಮೇಲೆ ಅಲ್ಲಿನ ಕವಿಗಳಾದ ಅನೀಸ್, ದಬೀರ್ ಅದನ್ನು ಎತ್ತರಕ್ಕೆ ಒಯ್ದರು. ಆರು ಸಾಲಿನ ಪದ್ಯಬಂಧವಾದ ಮುಸದ್ದಸ್ ಕೂಡ ಮರ್ಸಿಯಾದಲ್ಲಿ ನೆಲೆಯೂರಿದ್ದು ಹದಿನೆಂಟನೆಯ ಶತಮಾನದ ಉರ್ದು ಕವಿ ಸೌದಾನ ಹೊತ್ತಿಗೆ, ಉತ್ತರದಲ್ಲಿ. ಮೊಮ್ಮಗನ ಶೇರ್ವಾನಿಯನ್ನು ಅಜ್ಜನಿಗೆ ತೊಡಿಸಿದಂತಾಗಿದೆ.

ಏಳು ಪುಟಗಳಲ್ಲಿ ಮಿರ್ಜಾನ ಒಂದು ಸಾಲೂ ಇಲ್ಲ. ನಿಮ್ಮ ಮನೆಮಾತು ದಖ್ಖನಿ ಎಂದು ಜೊತೆಗಿನ ಪತ್ರದಲ್ಲಿ ಬರೆದಿದ್ದೀರಿ. ಈ ಕವಿಯ ನುಡಿಗೆ ನನಗಿಂತ ನೀವು ಹತ್ತಿರ. ನಿಮ್ಮೂರಿನ ಮೊಹರಂನಲ್ಲಿ ಕನ್ನಡದ ರಿವಾಯತ್ ಪದಗಳನ್ನೂ ಕೇಳಿರುತ್ತೀರಿ. ಅನುವಾದದ ಲಯಕ್ಕೆ ಆ ಕಿವಿ ಒದಗೀತು.

ನಾಲ್ಕು ಪುಟಕ್ಕೆ ಇಳಿಸಿ ಮತ್ತೆ ಕಳಿಸಿ. ಮೂಲದ ಒಂದೆರಡು ದ್ವಿಪದಿ ಕನ್ನಡ ಲಿಪಿಯಲ್ಲಿರಲಿ, ಕೆಳಗೆ ನಿಮ್ಮದೇ ಅನುವಾದ.

ಇಂತಿ,
ಸಂಪಾದಕ