ಚೀನಾದ ಜಿಂಗ್‌ದೆಜೆನ್ ಊರು ಪಿಂಗಾಣಿಗೆ ಯಾಕೆ ಅಷ್ಟು ಹೆಸರುವಾಸಿ?

ಮೊದಲ ಕಾರಣ ಮಣ್ಣು. ಊರಿನ ಹತ್ತಿರವೇ ಗಾವೊಲಿಂಗ್ ಅಂತ ಒಂದು ಹಳ್ಳಿ ಇದೆ, ಅಲ್ಲಿ ಸಿಗುತ್ತಿದ್ದ ಬಿಳಿ ಮಣ್ಣಿಗೇ ‘ಕೆಯೋಲಿನ್’ ಎಂಬ ಹೆಸರು ಬಂತು. ಈ ಮಣ್ಣನ್ನು, ಪುಡಿ ಮಾಡಿದ ಒಂದು ಬಗೆಯ ಕಲ್ಲಿನ ಜೊತೆ ಕಲಸಿ ಸುಮಾರು 1300 ಡಿಗ್ರಿ ಶಾಖದಲ್ಲಿ ಸುಟ್ಟರೆ, ಪಾತ್ರೆ ಕುಸಿಯದೆ ಗಟ್ಟಿಯಾಗಿ ನಿಲ್ಲುತ್ತದೆ, ತೆಳುವಾಗಿದ್ದರೆ ಬೆಳಕೂ ಹಾಯುತ್ತದೆ. ಸುತ್ತಲ ಗುಡ್ಡಗಳಲ್ಲಿ ಪೈನ್ ಸೌದೆ, ಸಾಗಿಸಲು ಪಕ್ಕದಲ್ಲೇ ಚಾಂಗ್ ನದಿ. ಇನ್ನೇನು ಬೇಕು?

ಊರಿಗೆ ಈ ಹೆಸರು ಬಂದದ್ದು 1004ರಲ್ಲಿ. ಸಾಂಗ್ ರಾಜವಂಶದ ದೊರೆ ಜೆನ್‌ಜಾಂಗ್ ತನ್ನ ಆಳ್ವಿಕೆಯ ‘ಜಿಂಗ್‌ದೆ’ ಎಂಬ ಅವಧಿಯ ಹೆಸರನ್ನೇ ಊರಿಗೆ ಕೊಟ್ಟ. ನಾವು ಚೀನಾ ಪಿಂಗಾಣಿ ಅಂದ ತಕ್ಷಣ ನೆನೆಯುವ ಬಿಳಿ-ನೀಲಿ ಪಾತ್ರೆಗಳು ಜಾಸ್ತಿಯಾದದ್ದು ಆಮೇಲೆ, ಯುವಾನ್ ರಾಜವಂಶದ ಕಾಲದಲ್ಲಿ. ಮಜಾ ಅಂದ್ರೆ ಆ ನೀಲಿಗೆ ಬೇಕಾದ ಕೋಬಾಲ್ಟ್ ಪರ್ಷಿಯಾ ಕಡೆಯಿಂದ ಬರುತ್ತಿತ್ತು!

ಮಿಂಗ್ ರಾಜವಂಶದ ಕಾಲದಲ್ಲಿ ಪಾತ್ರೆ ಸುಡಲು ಅರಮನೆಯದೇ ಗೂಡುಗಳಿದ್ದವು. ಒಂದು ಚುಕ್ಕಿ ತಪ್ಪಿದರೂ ಪಾತ್ರೆ ಒಡೆದು ಹೂಳುತ್ತಿದ್ದರು, ಬೇರೆಯವರ ಕೈಗೆ ಹೋಗಬಾರದು ಅಂತ. ಈಗ ಆ ಚೂರುಗಳನ್ನೇ ಅಗೆದು, ಜೋಡಿಸಿ, ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ನನಗೆ ಹೊಳೆಯುವ ಹೂದಾನಿಗಿಂತ ಈ ಅಂಟಿಸಿದ ಬಟ್ಟಲುಗಳೇ ಇಷ್ಟ, ಬಿರುಕುಗಳೆಲ್ಲ ಕಾಣುತ್ತವಲ್ವಾ.

ಯುರೋಪಿನವರಿಗೆ ಇದರ ಗುಟ್ಟು ತುಂಬಾ ಕಾಲ ಸಿಕ್ಕಿರಲಿಲ್ಲ. ದಾಂತ್ರೆಕೊಲ್ ಎಂಬ ಫ್ರೆಂಚ್ ಪಾದ್ರಿ ಇಲ್ಲೇ ಇದ್ದು, 1712 ಮತ್ತು 1722ರಲ್ಲಿ ಕೆಲಸದ ವಿಧಾನವನ್ನು ವಿವರವಾಗಿ ಪತ್ರ ಬರೆದು ಕಳಿಸಿದ.

ಅಂದಹಾಗೆ, ನಮ್ಮ ಹಂಪಿಯ ಅಗೆತದಲ್ಲೂ ಚೀನಾ ಪಿಂಗಾಣಿ ಚೂರುಗಳು ಸಿಕ್ಕಿವೆ.