ಆರ್ಥಿಕ ಹಿಂಜರಿತವು ಮೈಸೂರಿನಂತಹ ಊರಿನ ಪ್ರವಾಸೋದ್ಯಮವನ್ನು ಹೇಗೆ ತಟ್ಟುತ್ತದೆ?

ಹಿಂಜರಿತದಲ್ಲಿ ಜನ ಪ್ರವಾಸವನ್ನು ಪೂರ್ತಿ ಕೈಬಿಡುವುದಕ್ಕಿಂತ ಹೆಚ್ಚಾಗಿ ದೂರವನ್ನೂ ತಂಗುವ ದಿನಗಳನ್ನೂ ಖರ್ಚನ್ನೂ ಕಡಿತಗೊಳಿಸುತ್ತಾರೆ. ಮನೆಬಾಡಿಗೆಯನ್ನೋ ಮಕ್ಕಳ ಶಾಲಾ ಶುಲ್ಕವನ್ನೋ ಮುಂದೂಡಲಾಗದು, ಪ್ರವಾಸವನ್ನು ಮುಂದೂಡಬಹುದು. ಆದ್ದರಿಂದ ವರಮಾನದ ಬಗ್ಗೆ ಅಂಜಿಕೆ ಹುಟ್ಟಿದೊಡನೆ ಮೊದಲ ಕತ್ತರಿ ಬೀಳುವುದು ಅದಕ್ಕೇ. 2008ರ ಜಾಗತಿಕ ಬಿಕ್ಕಟ್ಟಿನ ಬೆನ್ನಲ್ಲೇ, 2009ರಲ್ಲಿ ವಿಶ್ವದ ಅಂತರರಾಷ್ಟ್ರೀಯ ಪ್ರವಾಸಿಗರ ಸಂಖ್ಯೆ ಸುಮಾರು ಶೇ. 4ರಷ್ಟು ಕುಸಿದು, 2010ರಲ್ಲಿ ಚೇತರಿಸಿಕೊಂಡಿತು.

ಮೈಸೂರಿನಲ್ಲಿ ಈ ಪೆಟ್ಟು ಮೇಲ್ನೋಟಕ್ಕೆ ಕಾಣುವುದಿಲ್ಲ. ಬೆಂಗಳೂರಿನ ಕುಟುಂಬವೊಂದು ಬೆಳಿಗ್ಗೆ ಬಂದು, ಅರಮನೆಯನ್ನೂ ಚಾಮುಂಡಿ ಬೆಟ್ಟವನ್ನೂ ನೋಡಿ ಸಂಜೆಯೇ ಮರಳಿದರೆ, ಟಿಕೆಟ್ ಕೌಂಟರಿನ ಮುಂದಿನ ಸಾಲು ಹಾಗೆಯೇ ಇರುತ್ತದೆ, ಆದರೆ ಹೋಟೆಲಿನ ಕೋಣೆ ಖಾಲಿ ಉಳಿಯುತ್ತದೆ. ಇಂದು ರಾತ್ರಿ ಖಾಲಿ ಹೋದ ಕೋಣೆಯ ಬಾಡಿಗೆ ನಾಳೆ ಸಿಗುವಂಥದ್ದಲ್ಲ, ಸಿಬ್ಬಂದಿಯ ಸಂಬಳ ಮತ್ತು ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಬೀಟೆಮರದ ಕುಸುರಿ ವಸ್ತುಗಳನ್ನು ಮಾರುವವರ ಸ್ಥಿತಿ ಇನ್ನೂ ಕಷ್ಟದ್ದು.

ಭವಿಷ್ಯದ ಮಟ್ಟಿಗೆ, ಪ್ರವಾಸಿಗರು ಮರಳಿ ಬರುತ್ತಾರೆ. ನನಗಿರುವ ನಿಜವಾದ ಆತಂಕ ಕೆಲಸಗಾರರದು: ಬೇರೆ ಉದ್ಯೋಗ ಹಿಡಿದ ನುರಿತ ಮಾರ್ಗದರ್ಶಿಗಳು, ಬಾಣಸಿಗರು, ಕುಶಲಕರ್ಮಿಗಳು ಅಷ್ಟು ಸುಲಭವಾಗಿ ಹಿಂತಿರುಗುವುದಿಲ್ಲ, ಅವರ ಜಾಗಕ್ಕೆ ಹೊಸಬರನ್ನು ತಯಾರು ಮಾಡಲು ವರ್ಷಗಳೇ ಬೇಕಾಗುತ್ತವೆ.